ಎಣ್ಣೆ ಮೆತ್ತಿದ ಬಾತು ತೊಳೆಯಲು ಐದು ರೂಪಾಯಿ ನೀರು: ಗದಗ ಭಾಗದ ಶುದ್ಧ ನೀರಿನ ಘಟಕಗಳು ಎಷ್ಟು ಉಪಯೋಗ?

ಗದಗ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಹೆಚ್ಚಿನ ಊರುಗಳಲ್ಲಿ ನಾಣ್ಯ ಹಾಕಿದರೆ ಕೊಡ ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಅದರ ನೀರು ಕುಡಿಯಲು ಹೇಗಿದೆ ಎಂದು ಎಲ್ಲರಿಗೂ ಗೊತ್ತು. ಎಣ್ಣೆ ಹತ್ತಿದ ನೀರುಹಕ್ಕಿಯನ್ನು ತೊಳೆಯಲು ಅದು ಆಗುತ್ತದೆಯೇ ಎಂಬುದು ಈ ವಿಮರ್ಶೆಯ ವಿಷಯ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಎಲ್ಲ ಘಟಕದ ನೀರೂ ಅಲ್ಲ.

ಗ್ಯಾರೇಜಿನ ಸುಟ್ಟ ಆಯಿಲ್ಲೋ ಹೋಟೆಲಿನ ಕರಿದೆಣ್ಣೆಯೋ ಚರಂಡಿ ಹಿಡಿದು ಕೆರೆ ಸೇರಿದರೆ ಮೊದಲು ಸಿಕ್ಕಿಬೀಳುವವು ನಾಮದ ಕೋಳಿ, ಗುಳುಮುಳುಕ, ಬಾತುಗಳು. ಗರಿಯ ಎಳೆಗಳು ಸೂಕ್ಷ್ಮ ಕೊಕ್ಕೆಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನೀರು ಒಳಗೆ ಇಳಿಯದಂತೆ ತಡೆಯುವುದು ಆ ಹೆಣಿಗೆ. ಎಣ್ಣೆ ಅದನ್ನು ಬಿಡಿಸುತ್ತದೆ, ತಣ್ಣೀರು ಚರ್ಮ ಮುಟ್ಟುತ್ತದೆ, ಹಕ್ಕಿ ಚಳಿಗೆ ಸಾಯುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಎಣ್ಣೆ ತೆಗೆಯುತ್ತದೆ ನಿಜ, ಆದರೆ ಗಡಸು ನೀರಿನಲ್ಲಿ ಜಾಲಿಸಿದರೆ ಸುಣ್ಣದ ಅಂಶವೂ ಸೋಪಿನ ಉಳಿಕೆಯೂ ಸೇರಿ ಗರಿಯ ಮೇಲೆ ಕೂರುತ್ತವೆ. ನೋಡಲು ಹಕ್ಕಿ ಸ್ವಚ್ಛ. ನೀರಿಗೆ ಬಿಟ್ಟರೆ ಮತ್ತೆ ನೆನೆಯುತ್ತದೆ. ಇಷ್ಟೆಲ್ಲ ಮಾಡಿಯೂ ಹಕ್ಕಿ ಕೈತಪ್ಪುವುದು ಹೆಚ್ಚಾಗಿ ಇಲ್ಲೇ, ಮತ್ತು ದೂರು ಮಾತ್ರ ಸೋಪಿನ ಮೇಲೆ ಹೋಗುತ್ತದೆ.

ಈ ಕೆಲಸಕ್ಕೆ ಬೇಕಾದ ಗಡಸುತನ ಲೀಟರಿಗೆ 30ರಿಂದ 50 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 200ರವರೆಗೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಅಂದರೆ ಮನುಷ್ಯರು ಕುಡಿಯಬಹುದಾದ ಬೋರ್‌ವೆಲ್ ನೀರು ಕೂಡ ಗರಿಗೆ ಹತ್ತು ಪಟ್ಟು ಗಡಸಾಗಿರಬಹುದು. ಆರ್‌ಒ ನೀರಿನ, ಅಂದರೆ ಘಟಕದಲ್ಲಿ ಸೂಕ್ಷ್ಮ ಪೊರೆಯ ಮೂಲಕ ಸೋಸಿ ಲವಣ ತೆಗೆದ ನೀರಿನ, ಬೆಲೆ ತಿಳಿಯುವುದು ಇಲ್ಲಿ.

ಘಟಕ ಆರಿಸುವಾಗ ಗೋಡೆಯ ಮೇಲಿನ ಬೋರ್ಡು ನಂಬಬೇಡಿ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ (ಟಿಡಿಎಸ್) ತೋರಿಸುವ, ಕಿಸೆಯಲ್ಲಿಡುವ ಮೀಟರನ್ನು ಘಟಕದ ನಲ್ಲಿಯ ನೀರಿಗೇ ಹಿಡಿಯಿರಿ. 50ಕ್ಕಿಂತ ಕಡಿಮೆ ತೋರಿಸಿದರೆ ಗಡಸುತನವೂ ಅದರೊಳಗೇ ಇರುತ್ತದೆ, ಕಣ್ಣು ಮುಚ್ಚಿ ತುಂಬಿಸಿಕೊಳ್ಳಿ. 150, 200 ತೋರಿಸಿದರೆ ಎರಡು ಕಾರಣ: ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಹಳತಾಗಿದೆ, ಇಲ್ಲವೇ ರುಚಿಗಾಗಿ ಸ್ವಲ್ಪ ಕಚ್ಚಾ ನೀರು ಬೆರೆಸುತ್ತಿದ್ದಾರೆ. ಆಗ ನೀರಿನಲ್ಲಿ ಅದ್ದಿ ಗಡಸುತನ ನೋಡುವ ಪರೀಕ್ಷಾ ಪಟ್ಟಿ (ಸ್ಟ್ರಿಪ್) ಬೇಕೇ ಬೇಕು. ಮನೆಯ ಸಾಫ್ಟನರ್ ವಿಚಾರ ಉಲ್ಟಾ: ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುವುದರಿಂದ ಟಿಡಿಎಸ್ ಇಳಿಯುವುದಿಲ್ಲ, ಆದರೂ ನೀರು ಮೃದುವಾಗಿರುತ್ತದೆ. ಅಲ್ಲಿ ಟಿಡಿಎಸ್ ಮೀಟರ್ ನೋಡಿ ತಿರಸ್ಕರಿಸಬೇಡಿ.

ಒಂದು ದೊಡ್ಡ ಬಾತಿಗೆ 300 ಲೀಟರ್ ಹಿಡಿಯಿರಿ. ನಮ್ಮ ಕಡೆ ಬಹಳ ಘಟಕಗಳಲ್ಲಿ 20 ಲೀಟರಿಗೆ 5 ರೂಪಾಯಿ. 15 ಕ್ಯಾನಿಗೆ 75 ರೂಪಾಯಿ. ಒಂದಾದ ಮೇಲೊಂದರಲ್ಲಿ ಹಕ್ಕಿ ತೊಳೆಯಲು ಮೂರು ಟಬ್ಬಿಗೆ ತಲಾ 40 ಲೀಟರ್ ಸುರಿದು, ಪ್ರತಿಯೊಂದಕ್ಕೂ 400ರಿಂದ 800 ಮಿಲಿ ಲಿಕ್ವಿಡ್ ಹಾಕಿ, ಅಂದರೆ ಶೇಕಡಾ 1ರಿಂದ 2. ಉಳಿದ 180 ಲೀಟರ್ ಜಾಲಿಸಲು. ನೀರು ಕಡಿಮೆ ಬಿದ್ದರೆ ಮೊದಲ ಟಬ್ಬಿಗೆ ಮಾತ್ರ ಮನೆಯ ನಲ್ಲಿಗೆ ಬರುವ ನದಿ ನೀರು ಬಳಸಿ. ಜಾಲಿಸುವಾಗ ರಾಜಿ ಬೇಡ.

ನೀರಿನ ಬಿಸಿ 40 ಡಿಗ್ರಿ ಸೆಲ್ಸಿಯಸ್, ಹೆಚ್ಚುಕಡಿಮೆ ಹಕ್ಕಿಯ ಮೈಬಿಸಿಯಷ್ಟು. ಒಳ್ಳೆಯ ನೀರು ಕೆಡುವುದು ಈ ಹಂತದಲ್ಲಿ: ಕ್ಯಾನಿನ ತಣ್ಣೀರಿಗೆ ಹಂಡೆಯ ಬಿಸಿನೀರು ಬೆರೆಸುತ್ತಾರೆ, ಹಂಡೆಯಲ್ಲಿರುವುದು ಬೋರ್ ನೀರು. ಸೋಲಾರ್ ಹೀಟರಿನ ನೀರೂ ಅದೇ ಕತೆ. ಆರ್‌ಒ ನೀರನ್ನೇ ಕಾಯಿಸಿ. ಸಿಮೆಂಟ್ ತೊಟ್ಟಿಯಲ್ಲಿ ಶೇಖರಿಸಬೇಡಿ, ಅದು ಸುಣ್ಣ ಬಿಡುತ್ತದೆ. ಪ್ಲಾಸ್ಟಿಕ್ ಡ್ರಮ್ ಸಾಕು.

ಕ್ಯಾನಿನ ನೀರಿಗೆ ಒತ್ತಡವಿಲ್ಲ ಎಂಬುದು ದೊಡ್ಡ ಕೊರತೆ. ಚೊಂಬಿನಿಂದ ಸುರಿದರೆ ಗರಿಯ ಬುಡದ ಸೋಪು ಹೊರಡುವುದಿಲ್ಲ. ಹೊಲಕ್ಕೆ ಔಷಧಿ ಹೊಡೆಯುವ 16 ಲೀಟರಿನ ಬ್ಯಾಟರಿ ಪಂಪು ಇದಕ್ಕೆ ಸರಿಹೊಂದುತ್ತದೆ, ಆದರೆ ಹೊಸದೇ ಆಗಿರಬೇಕು. ಒಮ್ಮೆ ಕೀಟನಾಶಕ ಕಂಡ ಪಂಪನ್ನು ಎಷ್ಟು ತೊಳೆದರೂ ಹಕ್ಕಿಯ ಹತ್ತಿರ ತರಬೇಡಿ. ಬಾಲದಿಂದ ತಲೆಯ ಕಡೆಗೆ, ಗರಿಗೆ ಎದುರಾಗಿ, ಒಂದೊಂದೇ ಭಾಗ ಎತ್ತಿ ಹಾಯಿಸುತ್ತ ಹೋಗಿ. ಸರಿಯಾಗಿ ಜಾಲಿಸಿದ ಜಾಗದಲ್ಲಿ ನೀರು ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಉರುಳುತ್ತದೆ, ಕೆಳಗಿನ ಬಿಳಿ ತುಪ್ಪಳ ಒಣಗಿಯೇ ಕಾಣುತ್ತದೆ. ತುಪ್ಪಳ ಅಂಟಿಕೊಂಡು ಬೂದಿಬಣ್ಣದ ಗಂಟಾಗಿದ್ದರೆ ಆ ಜಾಗ ಇನ್ನೂ ಆಗಿಲ್ಲ. ಆಮೇಲೆ ಟವೆಲಿನಿಂದ ಉಜ್ಜಬಾರದು, ಬೆಚ್ಚಗಿನ ಗಾಳಿಯಲ್ಲಿ ಒಣಗಲಿ.

ಇದೆಲ್ಲ ಹಕ್ಕಿ ಸಿಕ್ಕ ತಕ್ಷಣ ಮಾಡುವ ಕೆಲಸವಲ್ಲ. ದಣಿದ ಹಕ್ಕಿಯನ್ನು ಕೆರೆ ದಂಡೆಯಲ್ಲೇ ತೊಳೆದರೆ ಆ ಹೆದರಿಕೆ, ಚಳಿಗೇ ಪ್ರಾಣ ಬಿಡುತ್ತದೆ. ಕಣ್ಣು, ಮೂಗಿನ ಎಣ್ಣೆ ಮಾತ್ರ ಒರೆಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಬೆಚ್ಚಗಿಡಿ, ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ. ಕಾಡುಹಕ್ಕಿ ಕೈಗೆ ಬಂದರೆ 48 ಗಂಟೆಯೊಳಗೆ ವರದಿ ಮಾಡಬೇಕೆಂದು 1972ರ ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಪಶುವೈದ್ಯರ ಕೈಯಲ್ಲಿ ದ್ರವಾಹಾರ ಹೋಗಿ, ಮೈಬಿಸಿ ಸರಿಯಾಗಿ, ಹಕ್ಕಿ ತಲೆ ಎತ್ತಿ ಕುಕ್ಕಲು ಬರುವ ಹೊತ್ತಿಗೆ ಒಂದೆರಡು ದಿನ ಬೇಕು. ನೀರು ತುಂಬಿಸಿಡಲು ಆ ಬಿಡುವು ಸಾಕು.

ನೀರಿಗೆ 5ಕ್ಕೆ 4 ಅಂಕ. ಸೇವೆಗೆ 2 ಮಾತ್ರ: ಕರೆಂಟ್ ಹೋದರೆ ಘಟಕ ನಿಂತಿತು, ರಾತ್ರಿ ಬೀಗ, ಮೆಂಬ್ರೇನ್ ಯಾವಾಗ ಬದಲಿಸಿದರು ಎಂಬ ದಿನಾಂಕ ಹೆಚ್ಚಿನ ಕಡೆ ಬರೆದಿರುವುದಿಲ್ಲ. ಗದಗಿನಿಂದ ಸುಮಾರು 26 ಕಿಲೋಮೀಟರ್ ದೂರದ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಇಳಿಯುವ ಕೆರೆ ಅದು. ಅದರ ಸುತ್ತಲಿನ ಘಟಕಗಳಲ್ಲಾದರೂ ಟಿಡಿಎಸ್ ದಿನವೂ ಬರೆದು ಹಾಕಲಿ ಎಂಬುದು ನಮ್ಮ ಒತ್ತಾಯ. ಬಳಸುವವರು ಬೆಳಗಿನ ಪಾಳಿಯಲ್ಲಿ 15 ಕ್ಯಾನ್ ಹಿಡಿದು ನಿಲ್ಲಬೇಡಿ, ಮಧ್ಯಾಹ್ನ ಹೋಗಿ. ಘಟಕದ ಹೊರಗೆ ಹರಿಯುವ ತ್ಯಾಜ್ಯ ನೀರು ಬಿಟ್ಟಿ ಸಿಕ್ಕಿತೆಂದು ತರಬೇಡಿ, ಅದು ಬೋರ್ ನೀರಿಗಿಂತಲೂ ಗಡಸು. ನೆಲ ತೊಳೆಯಲು ಆದೀತು. ಹಕ್ಕಿ ತೊಳೆದ ಎಣ್ಣೆ ನೀರನ್ನು ಚರಂಡಿಗೆ ಬಿಟ್ಟರೆ ತಿರುಗಿ ಕೆರೆಗೇ ಹೋಗುತ್ತದೆ. ಅದನ್ನು ಡ್ರಮ್ಮಿನಲ್ಲಿ ನಿಲ್ಲಿಸಿ, ಮೇಲೆ ತೇಲಿದ ಎಣ್ಣೆಯನ್ನು ಬೇರೆ ಡಬ್ಬಿಗೆ ತೆಗೆದು, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.