ಆಟಿಯ ಮಳೆಗೂ ಹರಿಯದ ಕಾಗದದ ತೊಟ್ಟೆ

ಬದಿಯಡ್ಕದ ಹತ್ತಿರ ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ಕೇರಳದಲ್ಲಿ 2020ರ ಜನವರಿ 1ರಿಂದ ಪ್ಲಾಸ್ಟಿಕ್ ತೊಟ್ಟೆ ಬಂದ್ ಆದ ಮೇಲೆ ಕಾಗದದ ತೊಟ್ಟೆಯೇ ಗತಿ. ಕಳೆದ ಆಟಿ ತಿಂಗಳ ಜಡಿಮಳೆಯಲ್ಲಿ ಒಬ್ಬರು ಅಕ್ಕ ನಾಲ್ಕು ಕಟ್ಟು ಹಪ್ಪಳ ತೆಗೆದುಕೊಂಡು ಹೊರಟರು. ಬಸ್ಸು ಹತ್ತುವ ಮೊದಲೇ ತೊಟ್ಟೆಯ ಅಡಿ ಕಿತ್ತುಹೋಗಿ ಹಪ್ಪಳವೆಲ್ಲ ಕೆಸರಿಗೆ ಬಿತ್ತು. ದುಡ್ಡು ವಾಪಸ್ ಕೊಟ್ಟೆ. ಆದರೂ ಬೇಜಾರು ಹೋಗಲಿಲ್ಲ.

ಈ ವರ್ಷ ಮಂಗಳೂರಿನಿಂದ ನೀರು ತಡೆಯುವ ಕಂದು ತೊಟ್ಟೆ 500 ತರಿಸಿದೆ. ಹಳೆಯದಕ್ಕೆ ಎರಡೂವರೆ ರೂಪಾಯಿ, ಇದಕ್ಕೆ ನಾಲ್ಕು. ನೋಡಲು ಎರಡೂ ಒಂದೇ. ಮೇಜಿನ ಮೇಲೆ ಹರಡಿ ಎರಡಕ್ಕೂ ಒಂದೊಂದು ಚಮಚ ನೀರು ಹಾಕಿದೆ. ಹತ್ತು ಎಣಿಸುವುದರೊಳಗೆ ಹಳೆಯದು ಕಪ್ಪಾಗಿ ಅಡಿಯ ಮೇಜೂ ಒದ್ದೆಯಾಯಿತು. ಹೊಸತರ ಮೇಲೆ ನೀರು ಕೆಸುವಿನ ಎಲೆಯ ಮೇಲಿದ್ದ ಹಾಗೆ ಗುಂಡಗೆ ನಿಂತಿತು. ಅರ್ಧ ಗಂಟೆ ಬಿಟ್ಟು ಒರೆಸಿದರೆ ಸಣ್ಣ ಕಲೆ, ಅಷ್ಟೇ.

ಕಾಗದದ ನಾರು ನೀರು ಕಂಡರೆ ಹೀರುತ್ತದೆ, ಅಲ್ವಾ? ಅದಕ್ಕೇ ಮಿಲ್ಲಿನಲ್ಲಿ ಕಾಗದವನ್ನು ಎರಡು ರೋಲರುಗಳ ನಡುವೆ ಹಾಯಿಸಿ, ಸೀರೆಗೆ ಹಾಕುವ ಹಾಗೆ ಗಂಜಿ ಹಚ್ಚುತ್ತಾರೆ. ಬರೀ ಗಂಜಿಯಿಂದ ಕಾಗದ ಗಟ್ಟಿಯಾಗುತ್ತದೆ, ನೀರು ನಿಲ್ಲುವುದಿಲ್ಲ. ನೀರು ನಿಲ್ಲಲು ಎಕೆಡಿ ಎಂಬ ಮೇಣದಂಥ ವಸ್ತುವನ್ನೋ ಪಾಲಿಮರನ್ನೋ ಬೆರೆಸುತ್ತಾರೆ. ಕೊಳ್ಳುವಾಗ ಕಾಬ್ ನಂಬರ್ ಕೇಳಿ. ಕಾಗದದ ಮೇಲೆ 60 ಸೆಕೆಂಡು ನೀರು ನಿಲ್ಲಿಸಿದರೆ ಚದರ ಮೀಟರಿಗೆ ಎಷ್ಟು ಗ್ರಾಂ ಕುಡಿಯಿತು ಎಂಬ ಲೆಕ್ಕ ಅದು. ಕಮ್ಮಿ ಇದ್ದಷ್ಟೂ ಒಳ್ಳೆಯದು.

ಕೊರತೆಯೂ ಇದೆ. ಕತ್ತರಿಸಿದ ಅಂಚಿಗೆ ಲೇಪ ಇರುವುದಿಲ್ಲ, ನೀರು ಅಲ್ಲಿಂದ ಒಳಗೆ ಏರುತ್ತದೆ. ಹಾಗಾಗಿ ಬಾಯಿಯನ್ನು ಎರಡು ಸಲ ಮಡಚಿಯೇ ಕೊಡುತ್ತೇನೆ. ಮತ್ತೆ, ಮಳೆಹನಿ ತಡೆದರೂ ಗಾಳಿಯ ತೇವವನ್ನು ಇದು ತಡೆಯುವುದಿಲ್ಲ. ಐದು ದಿನ ಇದರಲ್ಲೇ ಇಟ್ಟ ಹಪ್ಪಳ ಮುರಿಯುವ ಬದಲು ಬಾಗಿತು. ಮನೆಯಲ್ಲಿ ದಾಸ್ತಾನು ಡಬ್ಬಿಯಲ್ಲೇ ಇರಲಿ, ಗಿರಾಕಿ ಬಂದಾಗ ಮಾತ್ರ ತೊಟ್ಟೆಗೆ ಹಾಕಿ.

ಒಳಗೆ ಪ್ಲಾಸ್ಟಿಕ್ ಪೊರೆ ಅಂಟಿಸಿದ ತೊಟ್ಟೆಯೂ ಸಿಗುತ್ತದೆ. ಅದು ನೀರನ್ನು ಇನ್ನೂ ಜಾಸ್ತಿ ತಡೆಯುತ್ತದೆ, ಆದರೆ ಗೊಬ್ಬರದ ಗುಂಡಿಗೆ ಆಗುವುದಿಲ್ಲ. ನಾನು ತರಿಸಿದ್ದನ್ನು ಚೂರು ಮಾಡಿ ರಾತ್ರಿಯಿಡೀ ಬಕೆಟಿನಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ಕೈಯಲ್ಲಿ ಹಿಸುಕಿದಾಗ ಪೂರ್ತಿ ಮುದ್ದೆ, ಪೊರೆ ಎಂಬುದೇ ಎದ್ದು ಬರಲಿಲ್ಲ. ಇನ್ನೂ 500ಕ್ಕೆ ಹೇಳಿದ್ದೇನೆ.