ಕೂಲಿ ಬಿಟ್ಟು ಹೋದದ್ದಕ್ಕೆ ಮೋಸವಿಲ್ಲ: ಬೀದರ್‌ನ ನಾನಕ್ ಝರಾ

ನಾನು ಕಲಬುರಗಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಹೊಲಿದಷ್ಟು ದುಡ್ಡು. ಮಷಿನ್ ನಿಂತ ದಿನ ಕೈಗೆ ಏನೂ ಇಲ್ಲ. ಎಲ್ಲಾದರೂ ಹೋಗೋಣ ಅಂದರೆ ನನಗೆ ಮೊದಲು ನೆನಪಾಗುವುದು ಬಸ್ ಚಾರ್ಜ್ ಅಲ್ಲ, ಆ ದಿನದ ಕೂಲಿ. ದೀಪಾವಳಿ ಗಿರಾಕಿ ಮುಗಿದ ಮೇಲೆ, ಮಕ್ಕಳ ಕಾಟ ತಾಳಲಾರದೆ ಒಂದು ಭಾನುವಾರ ಬೀದರ್‌ನ ನಾನಕ್ ಝರಾಕ್ಕೆ, ಅಂದರೆ ಅಲ್ಲಿನ ಸಿಖ್ಖರ ಗುರುದ್ವಾರಕ್ಕೆ, ಹೊರಟೆವು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ನನಗೆ, ಅತ್ತೆಗೆ, ಮಗಳಿಗೆ ಝೀರೋ ಟಿಕೆಟ್. ಮಗನಿಗೆ ಅರ್ಧ, ಯಜಮಾನರಿಗೆ ಪೂರ್ತಿ. (ಅವರ ಮುಖ ನೋಡಬೇಕಿತ್ತು.) ಎಸಿ ಬಸ್ಸು, ರಾಜಹಂಸದಲ್ಲಿ ಇದು ನಡೆಯಲ್ಲ. ಆಧಾರ್ ಮರೆಯಬೇಡಿ.

ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಚಹಾ ಕುಡಿದೆವು. ರೇಟು ಕೇಳಿ ಅತ್ತೆ ತಿಂಡಿ ಬೇಡವೆಂದರು. ಹೊರಗೆ ಹೋದಾಗಲೆಲ್ಲ ನಮ್ಮದು ಇದೇ ಕಥೆ. ಮಗಳು ಐಸ್‌ಕ್ರೀಂ ಕೇಳುತ್ತಾಳೆ, ನಾನು ಪರ್ಸ್ ಮುಟ್ಟಿ ನೋಡಿಕೊಳ್ಳುತ್ತೇನೆ. ತಿರುಗಿದ್ದಕ್ಕಿಂತ ಲೆಕ್ಕ ಹಾಕಿದ್ದೇ ಜಾಸ್ತಿ.

ಗುರುದ್ವಾರದೊಳಗೆ ಆ ಲೆಕ್ಕ ನಿಂತಿತು. ಚಪ್ಪಲಿ ಬಿಟ್ಟು, ತಲೆಗೆ ಸೆರಗು ಹೊದ್ದು ಹೋದರೆ ಸಾಕು. ನೀವು ಯಾರು, ಯಾವ ಜಾತಿ ಅಂತ ಯಾರೂ ಕೇಳಲ್ಲ. ಗುರು ನಾನಕರು ಕಲ್ಲು ಸರಿಸಿದಾಗ ಚಿಮ್ಮಿದ ಸಿಹಿನೀರಿನ ಝರಿ ಇದು ಅಂತ ನಂಬಿಕೆ. ಲಂಗರ್‌ನಲ್ಲಿ, ಅಂದರೆ ಎಲ್ಲರಿಗೂ ಬಿಟ್ಟಿ ಊಟ ಹಾಕುವ ಕಡೆ, ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರಬೇಕು. ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ದಾಲ್ ಗಟ್ಟಿಯಾಗಿ, ರುಚಿಯಾಗಿತ್ತು. ಖಾರ ನಮ್ಮ ಕಡೆಯವರಿಗೆ ಕಮ್ಮಿಯೇ. ಅತ್ತೆ ಚೀಲದಿಂದ ಶೇಂಗಾ ಹಿಂಡಿ ತೆಗೆಯಲು ಹೊರಟಿದ್ದರು, ಬೇಡ ಅಂತ ಕಣ್ಸನ್ನೆ ಮಾಡಿದೆ! ಮಗ ಮತ್ತೆ ಮತ್ತೆ ಹಾಕಿಸಿಕೊಂಡ. ಬಡಿಸುವವರ ಮುಖದಲ್ಲಿ ಒಂಚೂರೂ ಬೇಸರವಿಲ್ಲ. ಬಿಟ್ಟಿ ಊಟ ಅಂತ ಮೊದಲು ಹಿಂಜರಿದಿದ್ದ ಅತ್ತೆಯೇ ಆಮೇಲೆ, "ನಮ್ಮ ಶರಣಬಸಪ್ಪನ ಗುಡಿ ದಾಸೋಹದಂಗೇ ಅದ ನೋಡು" ಅಂದರು. ತಟ್ಟೆ ತೊಳೆಯುವ ಕಡೆ ಹೋಗಿ ನಾವೂ ಸ್ವಲ್ಪ ಕೈ ಹಚ್ಚಿದೆವು.

ಊಟವಾದ ಮೇಲೆ ಯಜಮಾನರು ನೆರಳಲ್ಲಿ ನಿದ್ದೆ ಹೋದರು. ನಾನು ಕೀರ್ತನೆ ಕೇಳುತ್ತಾ ಸುಮ್ನೆ ಕೂತೆ. ಹಾಗೆ ಕೈಯಲ್ಲಿ ಸೂಜಿ ಇಲ್ಲದೆ ಕೂತು ಯಾವ ಕಾಲವಾಗಿತ್ತೋ. ಅವತ್ತಿನ ಕೂಲಿ ಹೋಯಿತು, ಮರುದಿನ ರಾತ್ರಿ ಜಾಸ್ತಿ ಹೊತ್ತು ಹೊಲಿದೆ. ಆದರೂ ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್.

ಸಂಜೆ ಕೋಟೆ ನೋಡಿದೆವು, ಮಕ್ಕಳು ಓಡಿ ಸುಸ್ತಾದರು. ಆಟೋ ರೇಟು ಮೊದಲೇ ಮಾತಾಡಿಕೊಳ್ಳಿ. ಭಾನುವಾರ ಬಸ್ಸಿನಲ್ಲಿ ರಶ್ ಇರುತ್ತದೆ, ಬೇರೆ ದಿನ ಹೋದರೆ ಒಳ್ಳೆಯದು. ಹೇಗೂ ನಮ್ಮಂಥವರಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ, ಅಲ್ವಾ?