ಕಾರವಾರದ ಸೆಕೆಗೆ ಏರ್ ಕೂಲರ್: ತಗೊಳ್ಳೋ ಮೊದಲು ಓದಿ

ಏಪ್ರಿಲ್‌ನಲ್ಲಿ ಆಯಿಗೆ ಅಂತ 40 ಲೀಟರಿನ ಏರ್ ಕೂಲರ್ ತಂದೆ. ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ ಇಂಥದ್ದೇ ಕೂಲರ್ ಮುಂದೆ ಕೂತಾಗ ಮೈಯೆಲ್ಲ ತಣ್ಣಗಾಗಿತ್ತು, ಅದೇ ಆಸೆಯಲ್ಲಿ 8,500 ರೂಪಾಯಿ ಕೊಟ್ಟೆ. ಅಂಗಡಿಯವರು ಕಿಟಕಿ ತೆರೆದಿಡಿ ಅಂತ ಒಂದು ಮಾತೂ ಹೇಳಲಿಲ್ಲ.

ಮೊದಲ ಅರ್ಧ ಗಂಟೆ ಚೆನ್ನಾಗಿತ್ತು. ರಾತ್ರಿ ಎರಡಕ್ಕೆ ಎದ್ದು ನೋಡಿದರೆ ಚಾದರ ತೇವ, ಗೋಡೆಯ ಕ್ಯಾಲೆಂಡರ್ ಹಾಳೆ ಮೆತ್ತಗಾಗಿ ಸುರುಳಿ ಸುತ್ತಿದೆ, ಆಯಿಯ ಕುತ್ತಿಗೆಯಿಂದ ಬೆವರು ಇಳಿದು ದಿಂಬಿಗೆ ಹೋಗುತ್ತಿದೆ. "ಗಾಳಿ ಬರ್ತದೆ, ಸೆಕೆ ಹೋಗೂದಿಲ್ಲ" ಅಂದರು.

ನಮ್ಮ ಮೈ ಸುಮ್ನೆ ಕೂತಿದ್ದರೂ ಹೆಚ್ಚುಕಮ್ಮಿ ಹಳೇ 100 ವ್ಯಾಟ್ ಬಲ್ಬಿನಷ್ಟು ಬಿಸಿ ಹುಟ್ಟಿಸುತ್ತದೆ. ಮಿದುಳಿನ ಹೈಪೊಥಲಾಮಸ್ ಒಳಗಿನ ಬಿಸಿಯನ್ನು 37 ಡಿಗ್ರಿ ಆಸುಪಾಸಿನಲ್ಲೇ ಇಡಬೇಕು. ಅದಕ್ಕೆ ಚರ್ಮದ ರಕ್ತನಾಳ ಹಿಗ್ಗಿಸಿ ಬಿಸಿ ಹೊರಗೆ ಹಾಕುತ್ತದೆ, ಅದೂ ಸಾಲದಿದ್ದರೆ ಬೆವರು ಬರಿಸುತ್ತದೆ. ಆದರೆ ಬೆವರು ಸುರಿದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಮೈಮೇಲೇ ಆರಿದರೆ ಸುಮಾರು 580 ಕಿಲೋಕ್ಯಾಲರಿ ಬಿಸಿ ಒಯ್ಯುತ್ತದೆ. ದಿಂಬಿಗೆ ಇಳಿದದ್ದರಲ್ಲಿ ಮೈಯ ನೀರು, ಉಪ್ಪು ಖಾಲಿ ಆಯ್ತು ಅಷ್ಟೇ.

ಕೂಲರ್ ಕೆಲಸವೂ ಇದೇ ಅಲ್ವಾ, ಒದ್ದೆ ಪ್ಯಾಡಿನ ಮೇಲೆ ಗಾಳಿ ಹಾಯಿಸಿ ನೀರು ಆರಿಸೋದು. ಹುಬ್ಬಳ್ಳಿಯ ಒಣ ಗಾಳಿಗೆ ಅದು ಸರಿ. ನಮ್ಮ ಸಮುದ್ರದಂಡೆಯ ಗಾಳಿಯಲ್ಲಿ ಮೊದಲೇ ನೀರಿನಂಶ ಜಾಸ್ತಿ, ಮುಚ್ಚಿದ ಕೋಣೆಯಲ್ಲಿ ಕೂಲರ್ ಅದಕ್ಕೆ ಇನ್ನಷ್ಟು ತುಂಬಿದರೆ ಮೈಯ ಬೆವರು ಆರೋದಾದರೂ ಹೇಗೆ? ವಯಸ್ಸಾದವರಿಗೆ ಬೆವರೂ ಕಡಿಮೆ, ಬಾಯಾರಿಕೆಯೂ ಬೇಗ ಗೊತ್ತಾಗುವುದಿಲ್ಲ. ಆ ರಾತ್ರಿ ನಾನು ಹೆದರಿದ್ದು ಅದಕ್ಕೇ.

ಮಶೀನು ಗಟ್ಟಿಯಾಗಿದೆ, ಸದ್ದೂ ಕಡಿಮೆ. ಹಳಿಯಾಳ, ಮುಂಡಗೋಡದಂಥ ಒಳನಾಡಿನ ಕಡೆಯವರು ಧೈರ್ಯವಾಗಿ ತಗೊಳ್ಳಿ. ಕಾರವಾರ, ಅಂಕೋಲಾ, ಕುಮಟಾದವರು ಈ ದುಡ್ಡಲ್ಲಿ ಒಳ್ಳೆಯ ಎರಡು ಫ್ಯಾನ್ ತಗೊಳ್ಳಿ, ಎದುರುಬದುರು ಕಿಟಕಿ ತೆರೆದಿಡಿ. ಕರಾವಳಿಗೆ ನಾನು ಐದಕ್ಕೆ ಒಂದೂವರೆ ಕೊಡುತ್ತೇನೆ.

ಈಗ ಟ್ಯಾಂಕಿಗೆ ನೀರು ಹಾಕದೆ ಬರೀ ಗಾಳಿಗೆ ಇಟ್ಟಿದ್ದೇವೆ. ಆಯಿ ಮಧ್ಯಾಹ್ನ ಉಪ್ಪು ಹಾಕಿದ ಮುರುಗಲು ಪಾನಕ ಕುಡಿದು, ತೆಳು ಹತ್ತಿ ಸೀರೆಯಲ್ಲಿ ಅದರ ಮುಂದೆ ಮಲಗುತ್ತಾರೆ. ಕುತ್ತಿಗೆ ಮುಟ್ಟಿ ನೋಡಿದೆ, ಒಣಗಿತ್ತು, ತಣ್ಣಗಿತ್ತು.